ಪದಕ್ಕೆ ಎರಡು ಸೆಂಟ್

ಪ್ರಶ್ನೆ: ನಾನು ಬದಿಯಡ್ಕದವನು, ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತ. ಕುದುರೆ, ಕೋವಿ, ಮರಳುಗಾಡು ಇರುವ ಅಮೆರಿಕದ ‘ವೆಸ್ಟರ್ನ್’ ಕತೆಗಳೆಂದರೆ ಹುಚ್ಚು. ಬರೆದವರಿಗೆ ಅದರಲ್ಲೇ ಹೊಟ್ಟೆ ತುಂಬುತ್ತಿತ್ತಾ ಸಾರ್?

ಉತ್ತರ: ಕೆಲವರಿಗೆ ಮಾತ್ರ. ನಮ್ಮಲ್ಲಿ ಅಡಕೆ ಸುಲಿಯುವವರಿಗೆ ಕಿಲೋ ಲೆಕ್ಕದಲ್ಲಿ ಕೂಲಿ ಕೊಡ್ತಾರಲ್ವಾ, ಅಲ್ಲಿನ ಅಗ್ಗದ ಕತೆ ಪತ್ರಿಕೆಗಳು ಪದ ಎಣಿಸಿ ದುಡ್ಡು ಕೊಡುತ್ತಿದ್ದವು.

ಅಂಥ ಪತ್ರಿಕೆಗಳಿಗೆ ವೆಸ್ಟರ್ನ್ ಕತೆ ಬರೆದ ಎಲ್ಮೋರ್ ಲೆನಾರ್ಡ್ ಅವರನ್ನೇ ನೋಡಿ. 1950ರ ದಶಕದಲ್ಲಿ ಡೆಟ್ರಾಯಿಟ್‌ನ ಜಾಹೀರಾತು ಕಂಪನಿಯಲ್ಲಿ ಕೆಲಸ, ಮನೆ ತುಂಬ ಮಕ್ಕಳು. ಬೆಳಗ್ಗೆ ಐದಕ್ಕೆ ಎದ್ದು, ಬರೆಯಲು ಶುರು ಮಾಡದೆ ಕಾಫಿಗೆ ನೀರೂ ಇಡಬಾರದು ಅಂತ ತಾವೇ ನಿಯಮ ಹಾಕಿಕೊಂಡು ಬರೆದು, ಆಮೇಲೆ ಆಫೀಸಿಗೆ ಹೋಗಿ ಅಲ್ಲೂ ಮೇಜಿನ ಡ್ರಾಯರ್ ಎಳೆದು ಒಳಗೆ ಕೈ ಇಟ್ಟು ಬರೆಯುತ್ತಿದ್ದರಂತೆ. ಯಾರಾದರೂ ಬಂದರೆ ಡ್ರಾಯರ್ ಮುಚ್ಚಿದರಾಯ್ತು! (ನೀವು ಬ್ಯಾಂಕಿನಲ್ಲಿ ಹೀಗೆ ಮಾಡಿ ಸಿಕ್ಕಿಬಿದ್ದರೆ ನನ್ನ ಹೆಸರು ಹೇಳಬೇಡಿ.) 1953ರಲ್ಲಿ ಬಂದ ಅವರ ಒಂದು ಕತೆಗೆ, ಪದಕ್ಕೆ ಎರಡು ಸೆಂಟ್‌ನಂತೆ ಸಿಕ್ಕಿದ್ದು 90 ಡಾಲರ್. ಅದೇ ಕತೆ 1957ರಲ್ಲಿ ಸಿನಿಮಾ ಆಯ್ತು.

ಇನ್ನೊಬ್ಬ ವೆಸ್ಟರ್ನ್ ಕತೆಗಾರ ಲೂಯಿ ಲಮೂರ್ ಅವರದು ಬೇರೆಯೇ ಭಾಗ್ಯ. ರಾಶಿ ರಾಶಿ ಪುಸ್ತಕ ಮಾರಾಟವಾಗಿ, ಕೊನೆಗೆ ಅಮೆರಿಕದ ಸಂಸತ್ತಿನ ಚಿನ್ನದ ಪದಕವೂ ಬಂತು, 1984ರಲ್ಲಿ ಅಧ್ಯಕ್ಷ ರೇಗನ್ ಕೈಯಿಂದ ಇನ್ನೊಂದು ದೊಡ್ಡ ಗೌರವವೂ ಸಿಕ್ಕಿತು. ಅಂಥವರು ಬಹಳ ಕಡಿಮೆ.

ಸುಮ್ನೆ ರಾಜೀನಾಮೆ ಪತ್ರ ಬರೆದಿಟ್ಟುಕೊಂಡಿದ್ದರೆ ಸ್ವಲ್ಪ ತಡೆಯಿರಿ. ಲೆನಾರ್ಡ್ ಕೂಡ ಆ ಜಾಹೀರಾತು ಕಂಪನಿಯ ಕೆಲಸ ಬಿಟ್ಟದ್ದು 1961ರಲ್ಲಿ, ಐದು ಪುಸ್ತಕ ಆದ ಮೇಲೆ.