ಪುಸ್ತಕ ಸಿಗುತ್ತದೆ, ತಲೆನೋವು ಬೇರೆಯೇ

ಕಾಸರಗೋಡಿನ ಮಕ್ಕಳು ಎಂಟ್ರೆನ್ಸಿಗೆ ಪುಸ್ತಕ ಎಲ್ಲಿಂದ ತರುತ್ತಾರೆ ಅಂತ ಕೇಳಿದಿರಿ. ಪುಸ್ತಕ ಸಿಗುತ್ತದೆ ಮಾರಾಯ್ರೆ, ಅದು ದೊಡ್ಡ ಕಷ್ಟ ಅಲ್ಲ. ಯಾವ ಪರೀಕ್ಷೆಗೆ, ಯಾವ ಭಾಷೆಯಲ್ಲಿ ಅನ್ನುವುದೇ ಇಲ್ಲಿನ ತಲೆನೋವು.

ನಾನು ಹತ್ತರವರೆಗೆ ಕನ್ನಡ ಮೀಡಿಯಮ್. ಪ್ಲಸ್ ಟುಗೆ, ಅಂದರೆ ಕೇರಳದ ಪಿಯುಸಿಗೆ, ಹೋದ ಕೂಡಲೇ ಪುಸ್ತಕ ಇಂಗ್ಲಿಷಿನಲ್ಲಿ, ಅರ್ಥವಾಗದ್ದನ್ನು ವಿವರಿಸುವುದು ಮಲಯಾಳದಲ್ಲಿ. ನಾನು ಕಲಿತ ಜಡತ್ವವೇ ಈ ಇನರ್ಷಿಯಾ ಅಂತ ಹೊಳೆಯಲಿಕ್ಕೆ ಒಂದು ವಾರ ಹಿಡಿಯಿತು. ಆಮೇಲೆ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಗೆರೆ ಎಳೆದು ಈಚೆ ಕನ್ನಡ ಶಬ್ದ, ಆಚೆ ಇಂಗ್ಲಿಷ್ ಶಬ್ದ ಬರೆಯುತ್ತಾ ಹೋದೆ. ಆ ನಾಲ್ಕು ಪುಟ ಮಾಡಿದ ಉಪಕಾರ ಯಾವ ದಪ್ಪ ಗೈಡೂ ಮಾಡಲಿಲ್ಲ.

ಇಲ್ಲಿ ಸುಮಾರು ಜನ ಎಂಜಿನಿಯರಿಂಗ್ ಸೀಟಿಗೆ ಕೇರಳದ ಕೀಮ್, ಕರ್ನಾಟಕದ ಸಿಇಟಿ, ಇಡೀ ದೇಶದ ಜೆಇಇ ಮೂರನ್ನೂ ಬರೆಯುತ್ತಾರೆ. ಪುಣ್ಯಕ್ಕೆ ಪ್ಲಸ್ ಟುವಿಗೂ ತಲಪಾಡಿ ಗಡಿ ದಾಟಿದರೆ ಕರ್ನಾಟಕದಲ್ಲಿ ಸಿಗುವ ಪಿಯುಸಿಗೂ ವಿಜ್ಞಾನದಲ್ಲಿ ಕೇಂದ್ರದ ಎನ್‌ಸಿಇಆರ್‌ಟಿ ಪುಸ್ತಕವೇ ಆಧಾರ, ಪಿಡಿಎಫ್ ಅವರ ವೆಬ್‌ಸೈಟಿನಲ್ಲೇ ಫ್ರೀ. ಹಳೆ ಪ್ರಶ್ನೆಪತ್ರಿಕೆ ಮಾತ್ರ ಬೇರೆ ಬೇರೆ ಇಟ್ಟುಕೊಳ್ಳಿ. ಸಿಇಟಿಯಲ್ಲಿ ಒಂದು ವಿಷಯಕ್ಕೆ 80 ನಿಮಿಷ, 60 ಪ್ರಶ್ನೆ, ತಪ್ಪಿದರೆ ಅಂಕ ಕತ್ತರಿಸುವುದಿಲ್ಲ. ಗೊತ್ತಿಲ್ಲದಿದ್ದರೂ ಸುಮ್ನೆ ಒಂದು ಗುರುತು ಹಾಕಿ ಬರಬಹುದು. ಕೀಮ್‌ನಲ್ಲಿ ಸರಿಗೆ 4, ತಪ್ಪಿದರೆ 1 ಹೋಯಿತು. ಸಿಇಟಿಯ ಆ ಚಟ ಇಲ್ಲಿ ಕೈಕೊಡುತ್ತದೆ. ನನಗೆ ಕೊಟ್ಟಿದೆ.

ಸೆಕೆಂಡ್‌ಹ್ಯಾಂಡ್ ಪುಸ್ತಕಕ್ಕೆ ನಾವು ಮಂಗಳೂರಿನ ರೈಲು ಹತ್ತುತ್ತೇವೆ. ಒಮ್ಮೆ ತಂದ ಪ್ರಶ್ನೆಸಂಗ್ರಹದಲ್ಲಿ ಹಿಂದಿನವರು ಎಲ್ಲ ಉತ್ತರಕ್ಕೂ ಗುರುತು ಹಾಕಿದ್ದರು. ಒಂದು ಭಾನುವಾರ ಪೂರ್ತಿ ರಬ್ಬರ್ ಉಜ್ಜಿದೆ. ಪೆನ್ನಿನದ್ದು ಹೋಗಲಿಲ್ಲ, ನೋಡಿದರೆ ಅದರಲ್ಲಿ ಅರ್ಧ ತಪ್ಪು!

ಇನ್ನು ಹೊರಗಿನವರಿಗೆ ಗೊತ್ತಿಲ್ಲದ ಸಂಗತಿ. ಜೆಇಇ ಮೈನ್ 2021ರಿಂದ ಕನ್ನಡದಲ್ಲೂ ಇದೆ, ಮೆಡಿಕಲ್ಲಿನ ನೀಟ್ ಕೂಡ ಕನ್ನಡದಲ್ಲಿ ಬರೆಯಬಹುದು. ಆದರೆ ಕನ್ನಡ ಪತ್ರಿಕೆ ಕೊಡುವುದು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಕನ್ನಡ ಬೇಕಾದರೆ ಅರ್ಜಿ ಹಾಕುವಾಗಲೇ ಮಂಗಳೂರು ಕೇಂದ್ರ ಆರಿಸಬೇಕು, ಮನೆ ಹತ್ತಿರದ್ದು ಆರಿಸಿದರೆ ಕನ್ನಡ ಇಲ್ಲ.

ಗಡಿನಾಡ ಕನ್ನಡಿಗ, ಅಂದರೆ ಗಡಿಯಾಚೆ ಇರುವ ನಮ್ಮಂಥ ಕನ್ನಡಿಗ, ಅಂತ ಸಿಇಟಿಗೆ ಅರ್ಜಿ ಹಾಕಿದರೆ ನಾಲ್ಕನೇ ತರಗತಿ ಮಟ್ಟದ, 50 ಅಂಕದ ಒಂದು ಕನ್ನಡ ಪರೀಕ್ಷೆಯೂ ಇದೆ. ಹತ್ತು ವರ್ಷ ಕನ್ನಡ ಶಾಲೆಯಲ್ಲೇ ಕೂತವರು ಅದನ್ನೂ ಬರೆಯಬೇಕು. ಅದಕ್ಕೆ ಮಾತ್ರ ಯಾರೂ ಮಟೀರಿಯಲ್ ಕೇಳಿಕೊಂಡು ಬಂದದ್ದು ನಾನು ನೋಡಿಲ್ಲ.