ಗಂಡಸನ್ನು ಕೆಲಸಕ್ಕೆ ಇಟ್ಟುಕೊಂಡಿದ್ದಕ್ಕೆ ಪೋಷಕರ ತಕರಾರು: ಪ್ರತಿಕ್ರಿಯೆ
ಹಾಸನದ ನಿಮ್ಮ ಪ್ಲೇಹೋಮಿನಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಗಂಡಸೊಬ್ಬನನ್ನು ಇಟ್ಟುಕೊಂಡಿದ್ದಕ್ಕೆ ಪೋಷಕರು ತಕರಾರು ಮಾಡುತ್ತಿದ್ದಾರೆಂದು ಬರೆದಿದ್ದೀರಿ. ಅವನನ್ನು ತೆಗೆಯಿರಿ ಎನ್ನುತ್ತಿರುವುದಕ್ಕೆ ನಿಜವಾದ ಕಾರಣ, ಬಾಗಿಲು ಹಾಕಿದ ಮೇಲೆ ಒಳಗೇನಾಗುತ್ತದೆಂದು ಕಾಣದಿರುವುದೇ ಇರಬೇಕು. ಅವನನ್ನು ತೆಗೆದರೂ ಆ ಅನುಮಾನ ಹಾಗೇ ಉಳಿಯುತ್ತದೆ.

ಮೊದಲು ರಾಜ್ಯ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಪೊಲೀಸ್ ವೆರಿಫಿಕೇಶನ್‌ಗೆ ಅರ್ಜಿ ಹಾಕಿಸಿ. ಆಯಾ, ವ್ಯಾನ್ ಡ್ರೈವರ್ ಸೇರಿ ಎಲ್ಲರದ್ದೂ. ಈ ವೆರಿಫಿಕೇಶನ್ ಕೇಳುವ 2020ರ ಪೋಕ್ಸೊ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆ) ನಿಯಮ ಗಂಡು ಹೆಣ್ಣೆಂದು ಭೇದ ಮಾಡಿಲ್ಲ. ಹಿಂದೆ ಕೆಲಸ ಮಾಡಿದ ಕಡೆಗೆ ನೀವೇ ಫೋನ್ ಮಾಡಿ. ಆಮೇಲೆ ಕಟ್ಟುಪಾಡು: ಯಾರೂ ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರುವಂತಿಲ್ಲ. ಚಡ್ಡಿ ಬದಲಿಸುವುದು, ತೊಳೆಸುವುದು ಇನ್ನೊಬ್ಬರಿಗೆ ಕಾಣುವಂತೆಯೇ. (ನಮ್ಮಲ್ಲಿ ಬಾತ್‌ರೂಮಿಗೆ ಅರ್ಧ ಬಾಗಿಲು ಹಾಕಿಸಿದ ಮೇಲೇ ಜಗಳ ತಣ್ಣಗಾಗಿದ್ದು.) ಇಷ್ಟಾದ ಮೇಲೆ ಪೋಷಕರನ್ನು ಕರೆದು ತೋರಿಸಿ. ಇಷ್ಟು ಮಾಡಿದರೂ ಒಬ್ಬಿಬ್ಬರು ಮಗುವನ್ನು ಬಿಡಿಸಬಹುದು, ತಡೆಯೋಕಾಗಲ್ಲ.

ಆದರೆ ಯಾರಾದರೂ ನಿರ್ದಿಷ್ಟ ದೂರು ಹೇಳಿದರೆ ನೀವೇ ವಿಚಾರಣೆಗೆ ಕೂರಬೇಡಿ. ಕೂಡಲೇ ಠಾಣೆಗೆ ತಿಳಿಸಿ, ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಿ.