ವಿಮಾನದಲ್ಲಿ ಅಲುಗದ ಕಾಫಿ, ಬಸ್ಸಿನಲ್ಲಿ ಮುಗ್ಗರಿಸುವ ನಾವು

ಪ್ರಶ್ನೆ: ಮೊದಲ ಸಲ ವಿಮಾನ ಹತ್ತಿದ್ದೆ. ಗಂಟೆಗೆ 800 ಕಿ.ಮೀ. ಎಂದು ಪರದೆ ತೋರಿಸುತ್ತಿತ್ತು, ಲೋಟದ ಕಾಫಿ ಅಲುಗಲಿಲ್ಲ. ಆದರೆ ಊರಿನ ಬಸ್ಸಿನಲ್ಲಿ ಬ್ರೇಕ್ ಹಾಕಿದ ಕೂಡಲೇ ಮುಂದಿದ್ದವರ ಮೇಲೆ ಬಿದ್ದೆ. ಯಾಕೆ ಹೀಗೆ?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ನಮ್ಮ ಮೈಗೆ ವೇಗ ಗೊತ್ತಾಗುವುದೇ ಇಲ್ಲ. ವೇಗ ಬದಲಾದರೆ ಮಾತ್ರ ಗೊತ್ತಾಗುತ್ತದೆ. ಈಗ ಸುಮ್ನೆ ಕೂತು ಇದನ್ನು ಓದುತ್ತಿದ್ದೀರಿ, ಅಲ್ವಾ? ಭೂಮಿ ತಿರುಗುತ್ತಿರುವುದರಿಂದ ನೀವು, ನಿಮ್ಮ ಕುರ್ಚಿ, ನಿಮ್ಮ ಮನೆ ಎಲ್ಲವೂ ಗಂಟೆಗೆ ಸುಮಾರು 1,600 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಓಡುತ್ತಿವೆ. ನಿಮ್ಮ ವಿಮಾನದ ಎರಡರಷ್ಟು! ಒಂದೇ ಸಮನೆ ಓಡುವುದರಿಂದ ಏನೂ ಅನಿಸುವುದಿಲ್ಲ. ಇದನ್ನು ಗೆಲಿಲಿಯೋ 1632ರಲ್ಲೇ ಬರೆದಿದ್ದರು. ಹಡಗಿನ ಮುಚ್ಚಿದ ಕೋಣೆಯಲ್ಲಿ ಕೂತರೆ, ಹಡಗು ಕುಲುಕದೆ ಸಾಗುವಷ್ಟು ಹೊತ್ತೂ, ಮೇಲೆ ತೂಗುಹಾಕಿದ ಪಾತ್ರೆಯಿಂದ ತೊಟ್ಟಿಕ್ಕುವ ನೀರು ನೇರ ಕೆಳಗಿನ ಪಾತ್ರೆಗೇ ಬೀಳುತ್ತದೆ, ಹಡಗು ನಿಂತಿದೆಯೋ ಹೋಗುತ್ತಿದೆಯೋ ಹೇಳಲಾಗುವುದಿಲ್ಲ ಎಂದು.

ಈಗ ಬಸ್ಸಿಗೆ ಬರೋಣ. ಗಂಟೆಗೆ 36 ಕಿ.ಮೀ. ಅಂದರೆ ಸೆಕೆಂಡಿಗೆ 10 ಮೀಟರ್. ಡ್ರೈವರ್ 10 ಸೆಕೆಂಡ್ ತೆಗೆದುಕೊಂಡು ನಿಲ್ಲಿಸಿದರೆ, ಒಂದೊಂದು ಸೆಕೆಂಡಿಗೂ ವೇಗ ಸೆಕೆಂಡಿಗೆ 1 ಮೀಟರ್‌ನಷ್ಟೇ ಇಳಿಯುತ್ತದೆ. ನಾಯಿ ಅಡ್ಡ ಬಂತು, 2 ಸೆಕೆಂಡಿನಲ್ಲಿ ನಿಲ್ಲಿಸಬೇಕಾಯಿತು ಅಂದುಕೊಳ್ಳಿ. ಆಗ ಒಂದೊಂದು ಸೆಕೆಂಡಿಗೂ ವೇಗ ಸೆಕೆಂಡಿಗೆ 5 ಮೀಟರ್‌ನಂತೆ ಇಳಿಯುತ್ತದೆ. ಈ ಬದಲಾವಣೆಯ ಲೆಕ್ಕವನ್ನೇ ವೇಗೋತ್ಕರ್ಷ ಎನ್ನುವುದು (ಇಳಿಯುವಾಗ ಅದು ಋಣ). ಮಾವಿನಹಣ್ಣು ಮರದಿಂದ ಬೀಳುವಾಗ ಒಂದೊಂದು ಸೆಕೆಂಡಿಗೂ ಅದರ ವೇಗ ಸೆಕೆಂಡಿಗೆ 9.8 ಮೀಟರ್‌ನಂತೆ ಏರುತ್ತದೆ, ಬ್ರೇಕಿನದು ಅದರ ಅರ್ಧ! ಜಾಸ್ತಿಯೇ ಆಯಿತಲ್ಲ?

ಹಿಂದಿನಿಂದ ಯಾರೋ ತಳ್ಳಿದ ಹಾಗಾಯಿತು ಎಂದು ಎಲ್ಲರೂ ಹೇಳುತ್ತಾರೆ. ಯಾರೂ ತಳ್ಳಿರುವುದಿಲ್ಲ. ನಿಮ್ಮ ಪಾದ ಬಸ್ಸಿನ ನೆಲಕ್ಕೆ ಕಚ್ಚಿಕೊಂಡು ಅದರ ಜೊತೆಗೇ ನಿಂತಿತು, ಸೊಂಟದ ಮೇಲಿನ ಮೈ ಮಾತ್ರ ಹಳೆಯ ವೇಗದಲ್ಲೇ ಮುಂದೆ ಹೋಯಿತು, ಅಷ್ಟೇ. ಕಂಬಿ ಹಿಡಿದಿದ್ದರೆ ಆ ಮೈಯನ್ನೂ ಕೈ ಎಳೆದು ನಿಲ್ಲಿಸುತ್ತಿತ್ತು.

ಪ್ರಶ್ನೆ: ಆಗುಂಬೆ ಘಾಟಿಯ ತಿರುವಿನಲ್ಲಿ ಸ್ಪೀಡೋಮೀಟರ್ ಮುಳ್ಳು ಅಲುಗದಿದ್ದರೂ ಪಕ್ಕಕ್ಕೆ ವಾಲುತ್ತೇವೆ. ಆಗ ಬದಲಾಗಿದ್ದೇನು?
— ಓದುಗರೊಬ್ಬರು, ಉಡುಪಿ

ಉತ್ತರ: ದಿಕ್ಕು! ಶಾಲೆಯಲ್ಲಿ ಜವ, ವೇಗ ಎಂದು ಎರಡು ಪದ ಕಲಿತಿರುತ್ತೀರಿ. ಮುಳ್ಳು ತೋರಿಸುವುದು ಜವ. ಅದಕ್ಕೆ ದಿಕ್ಕನ್ನೂ ಸೇರಿಸಿದರೆ ವೇಗ. ಹಾಗಾಗಿ ಬರೀ ದಿಕ್ಕು ಬದಲಾದರೂ ಅದು ವೇಗೋತ್ಕರ್ಷವೇ. ಇದರ ಲೆಕ್ಕ ಸುಲಭ: ಜವದ ವರ್ಗವನ್ನು ತಿರುವಿನ ತ್ರಿಜ್ಯದಿಂದ ಭಾಗಿಸಿ. 10 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 18 ಕಿ.ಮೀ.ನಲ್ಲಿ, ಅಂದರೆ ಸೆಕೆಂಡಿಗೆ 5 ಮೀಟರ್‌ನಲ್ಲಿ ದಾಟಿದರೆ 25 ಭಾಗಿಸು 10, ಅಂದರೆ 2.5. ಅದೇ ತಿರುವಿಗೆ 36 ಕಿ.ಮೀ.ನಲ್ಲಿ ನುಗ್ಗಿದರೆ 10! ಜವ ಎರಡರಷ್ಟಾಯಿತು, ಆದರೆ ಬಸ್ಸನ್ನು ತಿರುಗಿಸಲು ಬೇಕಾದ ಬಲ ನಾಲ್ಕರಷ್ಟಾಯಿತು. ಅಷ್ಟು ಬಲ ಕೊಡಲು ಟೈರು ಮತ್ತು ರಸ್ತೆಯ ಹಿಡಿತಕ್ಕೆ ಸಾಮಾನ್ಯವಾಗಿ ಆಗುವುದಿಲ್ಲ, ಮಳೆಗಾಲದಲ್ಲಂತೂ ಇನ್ನೂ ಕಷ್ಟ. ಅದಕ್ಕೇ ಘಾಟಿಯ ಡ್ರೈವರ್‌ಗಳು ತಿರುವಿನ ಒಳಗಲ್ಲ, ತಿರುವಿಗೆ ಮೊದಲೇ ಗೇರ್ ಇಳಿಸುತ್ತಾರೆ.